ಮೇಲೆಂಬ ಮಾತು, ಅದರ ಅಳತೆಗೋಲು

ಸ್ಮರಣ ಸಂಚಿಕೆಯ ಸಂಪಾದಕರು ‘ಪ್ರಬಂಧ ರಚನೆಯನ್ನು ಕುರಿತು ಏನಾದರೂ ಬರೆದುಕೊಡಿರಿ’ ಎಂದು ಕೇಳಿದಾಗ, ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಮೆಟ್ಟಿಲುಗಳ ವಿಚಾರವನ್ನೇ ಇನ್ನೊಮ್ಮೆ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ನನಗೆ ಸುಲಭವಾಗಿತ್ತು. ಆದರೆ ಆ ಮೂರು ಮೆಟ್ಟಿಲುಗಳನ್ನು ನಮ್ಮ ಮಕ್ಕಳು ಈಗ ಚೆನ್ನಾಗಿಯೇ ಹತ್ತುತ್ತಾರೆ. ಪೇಟೆಯಲ್ಲಿ ಸಿಗುವ ಗೈಡುಗಳು ಅಷ್ಟನ್ನು ಕಲಿಸಿಬಿಟ್ಟಿವೆ. ಹತ್ತಿ ನಿಂತವರು ಅಲ್ಲಿಂದ ಏನನ್ನು ಹೇಳುತ್ತಾರೆ, ಹೇಳಿದ್ದಕ್ಕೆ ಯಾವ ಆಧಾರವನ್ನು ಕೊಡುತ್ತಾರೆ ಎಂಬುದನ್ನು ಮಾತ್ರ ಗೈಡುಗಳು ಕಲಿಸುವುದಿಲ್ಲ. ಬಹುಕಾಲ ನಾನೂ ಕಲಿಸಲಿಲ್ಲ. ಆದಕಾರಣ ಈ ಬರಹದಲ್ಲಿ ಆ ಒಂದು ಕೊರತೆಯನ್ನೇ ಹಿಡಿದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ವಾದಕ್ಕಾಗಿ ಬರೆದ ಬರಹದಲ್ಲಿ ಬರುವ ವಾಕ್ಯಗಳೆಲ್ಲವೂ ಒಂದೇ ಬಗೆಯವಲ್ಲ. ‘ನಮ್ಮ ಊರಿನ ಕೆರೆಯಲ್ಲಿ ಹೂಳು ತುಂಬಿದೆ’ ಎಂಬುದು ವಸ್ತುಸ್ಥಿತಿಯನ್ನು ಹೇಳುವ ವಾಕ್ಯ. ಸಂದೇಹವಿದ್ದವರು ಕೆರೆಯ ಏರಿಯ ಮೇಲೆ ಹೋಗಿ ನಿಂತರೆ ಅದರ ಸತ್ಯಾಸತ್ಯತೆ ತಿಳಿದುಹೋಗುತ್ತದೆ. ‘ಕೆರೆಯ ಹೂಳನ್ನು ಎತ್ತಿಸಬೇಕು’ ಎಂಬುದು ವಿಧಿವಾಕ್ಯ. ಅದು ಆಗಿರುವುದನ್ನು ಹೇಳುವುದಿಲ್ಲ, ಆಗಬೇಕಾದುದನ್ನು ಹೇಳುತ್ತದೆ. ಇವೆರಡರ ನಡುವೆ ‘ಕೆರೆಯ ನೀರಾವರಿಯು ಕೊಳವೆಬಾವಿಯ ನೀರಾವರಿಗಿಂತ ಮೇಲು’ ಎಂಬಂತಹ ಮೂರನೆಯ ಬಗೆಯ ವಾಕ್ಯವೊಂದು ಸದ್ದಿಲ್ಲದೆ ಬಂದು ಕುಳಿತಿರುತ್ತದೆ. ಇದು ಕಣ್ಣಿಗೆ ಕಾಣುವ ಸಂಗತಿಯೂ ಅಲ್ಲ, ನೇರವಾದ ಆಜ್ಞೆಯೂ ಅಲ್ಲ. ಇದು ಬೆಲೆ ಕಟ್ಟುವ ಮಾತು. ಇದನ್ನು ಮೌಲ್ಯವಾಕ್ಯವೆಂದು ಕರೆಯೋಣ. ಏರಿಯ ಮೇಲೆ ಎಷ್ಟು ಹೊತ್ತು ನಿಂತರೂ ‘ಮೇಲು’ ಎಂಬುದು ನೀರಿನಲ್ಲಿ ತೇಲುತ್ತಿರುವುದು ಕಾಣುವುದಿಲ್ಲ. ಆದರೂ ಆ ‘ಮೇಲು’ ಇಲ್ಲದೆ ‘ಹೂಳನ್ನು ಎತ್ತಿಸಬೇಕು’ ಎಂಬ ಮಾತಿಗೆ ಬಲ ಬರುವುದಿಲ್ಲ. ಹೂಳು ತುಂಬಿದೆ ಎಂಬುದನ್ನು ಒಪ್ಪಿದವನೇ ‘ತುಂಬಿದ್ದರೆ ತುಂಬಲಿ, ಅಲ್ಲಿ ಬಸ್ ನಿಲ್ದಾಣ ಕಟ್ಟೋಣ’ ಎನ್ನಬಹುದು. ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯಿದ್ದಲ್ಲಿ ಕ್ರೀಡಾಂಗಣವೂ ಬಂದುದು ಹೀಗೆಯೇ. ಅಲ್ಲಿ ಸೋತದ್ದು ಸಂಗತಿಯಲ್ಲ, ಬೆಲೆ.

ಹಳೆಯ ಕ್ರಮದಲ್ಲಿ ತರ್ಕವನ್ನು ಓದಿದವರಿಗೆ ಪರ್ವತ, ಹೊಗೆ, ಬೆಂಕಿಗಳ ಉದಾಹರಣೆ ಕಂಠಪಾಠವಾಗಿರುತ್ತದೆ. ಪರ್ವತದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುವುದರಿಂದ ಎಂಬುದು ಹೇತು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ, ಅಡುಗೆಮನೆಯಲ್ಲಿದ್ದಂತೆ ಎಂಬುದು ಉದಾಹರಣೆ. ಇಲ್ಲಿ ಹೊಗೆಗೂ ಬೆಂಕಿಗೂ ಇರುವ ಬಿಡಲಾರದ ನಂಟನ್ನು ವ್ಯಾಪ್ತಿ ಎನ್ನುತ್ತಾರೆ. ಆ ವ್ಯಾಪ್ತಿಯನ್ನು ನಾವು ದಿನದಿನವೂ ಒಲೆಯ ಮುಂದೆ ಕುಳಿತು ಕಂಡಿದ್ದೇವೆ. ಮೌಲ್ಯವಾಕ್ಯಕ್ಕೂ ಇದೇ ಅಂಗಗಳು ಬೇಕು. ಆದರೆ ಅದರ ವ್ಯಾಪ್ತಿಯು ಅಡುಗೆಮನೆಯಲ್ಲಿ ಸಿಗುವುದಿಲ್ಲ. ಅದನ್ನು ಸಭೆ ಒಪ್ಪಬೇಕು. ಒಪ್ಪುವಂತೆ ಬರೆಯುವವನು ಮಾಡಬೇಕು. ಕಷ್ಟವಿರುವುದು ಇಲ್ಲಿಯೇ. ನಮ್ಮ ವಿದ್ಯಾರ್ಥಿಗಳು ಮಾತ್ರವಲ್ಲ, ಪತ್ರಿಕೆಗಳಲ್ಲಿ ಅಗ್ರಲೇಖನ ಬರೆಯುವ ದೊಡ್ಡವರು ಕೂಡ ಆ ವ್ಯಾಪ್ತಿಯನ್ನು ಬಾಯಿಬಿಟ್ಟು ಹೇಳದೆ ಗಂಟಿನಲ್ಲಿ ಕಟ್ಟಿಟ್ಟುಕೊಂಡೇ ದಾಟಿಹೋಗುತ್ತಾರೆ.

ಗಂಟನ್ನು ಬಿಚ್ಚಿ ನೋಡಿದರೆ ಏನಾಗುತ್ತದೆಂಬುದಕ್ಕೆ ಒಂದು ದೃಷ್ಟಾಂತ. ಪ್ರಬಂಧ ಸ್ಪರ್ಧೆಗಳಲ್ಲಿ ತಪ್ಪದೆ ಬರುವ ವಿಷಯ ‘ಹಳ್ಳಿಯ ಬಾಳೇ ಮೇಲು’. ಅದಕ್ಕೆ ತಪ್ಪದೆ ಬರುವ ಕಾರಣ, ಹಳ್ಳಿಯಲ್ಲಿ ಗಾಳಿ ಶುದ್ಧವಾಗಿದೆ ಎಂಬುದು. ಇಲ್ಲಿ ಬಚ್ಚಿಟ್ಟ ವ್ಯಾಪ್ತಿ ಯಾವುದು? ಎಲ್ಲೆಲ್ಲಿ ಗಾಳಿ ಶುದ್ಧವೋ ಅಲ್ಲಲ್ಲಿ ಬಾಳು ಮೇಲು ಎಂಬುದು. ಹಾಗಾದರೆ ಜನವಿಲ್ಲದ ಬೆಟ್ಟದ ತುದಿ ಹಳ್ಳಿಗಿಂತ ಮೇಲಾಗಬೇಕು; ವೈದ್ಯರಿಲ್ಲದ, ಶಾಲೆಯಿಲ್ಲದ, ಮಳೆಗಾಲದಲ್ಲಿ ದಾರಿಯೇ ಇಲ್ಲದ ಕಾಡು ಎಲ್ಲಕ್ಕೂ ಮೇಲಾಗಬೇಕು. ಹೇತು ಅಲ್ಲಿಯೂ ಇದೆ, ಸಾಧ್ಯ ಅಲ್ಲಿಲ್ಲ. ತಾರ್ಕಿಕರು ಇದನ್ನು ಸವ್ಯಭಿಚಾರವೆಂಬ ಹೇತ್ವಾಭಾಸದಲ್ಲಿ ಸೇರಿಸುತ್ತಾರೆ. ಹಾಗೆಂದು ಶುದ್ಧವಾದ ಗಾಳಿ ಒಳ್ಳೆಯದಲ್ಲವೆಂದು ಅರ್ಥವಲ್ಲ. ಅದು ಒಳ್ಳೆಯ ಬಾಳಿನ ಒಂದು ಅಂಗವೇ ಹೊರತು ಅಳತೆಗೋಲಲ್ಲ ಎಂದಷ್ಟೇ ತಾತ್ಪರ್ಯ. ಹತ್ತು ಅಂಗಗಳಲ್ಲಿ ತನಗೆ ಅನುಕೂಲವಾದ ಒಂದನ್ನು ಆರಿಸಿಕೊಂಡು ಅದನ್ನೇ ಕೋಲಾಗಿ ಹಿಡಿದು ಅಳೆದರೆ ಯಾವ ವಸ್ತುವಾದರೂ ಮೇಲಾಗಬಹುದು.

ಇನ್ನೊಂದು ಕಾರಣವನ್ನೂ ಮಕ್ಕಳು ಕೊಡುವುದುಂಟು. ಹಳ್ಳಿಯಲ್ಲಿ ನೆರೆಹೊರೆಯವರು ಒಬ್ಬರನ್ನೊಬ್ಬರು ಬಲ್ಲರು, ಕಷ್ಟಕ್ಕೆ ಆಗುತ್ತಾರೆ ಎಂಬುದು. ಇದು ಗಾಳಿಗಿಂತ ಗಟ್ಟಿಯಾದ ಕಾರಣ. ಆದರೆ ಇದೇ ನೆರೆಹೊರೆಯನ್ನು ಹಿಡಿದು ಎದುರಾಳಿಯೂ ವಾದಿಸಬಹುದು: ಎಲ್ಲರೂ ಎಲ್ಲರನ್ನೂ ಬಲ್ಲರಾದ್ದರಿಂದಲೇ ಹಳ್ಳಿಯಲ್ಲಿ ಯಾರೂ ತನ್ನ ಹುಟ್ಟಿನಿಂದ ತಪ್ಪಿಸಿಕೊಳ್ಳಲಾರರು, ವಿಧವೆಯೊಬ್ಬಳು ಬಣ್ಣದ ಸೀರೆ ಉಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು. ಒಂದೇ ಸಂಗತಿ ಎರಡು ಎದುರು ತೀರ್ಪುಗಳಿಗೆ ಹೇತುವಾಗಿ ನಿಂತಿದೆ. ಇಂಥಲ್ಲಿ ಸಂಗತಿಗಳನ್ನು ಇನ್ನಷ್ಟು ಕೂಡಿಹಾಕಿದರೆ ಜಗಳ ತೀರುವುದಿಲ್ಲ. ನೆರವು ಹಿರಿದೋ ಬಿಡುಗಡೆ ಹಿರಿದೋ, ಯಾವುದು ಕಡಿಮೆಯಾದರೆ ಬಾಳು ಹೆಚ್ಚು ಕೆಡುತ್ತದೆ ಎಂಬ ಪ್ರಶ್ನೆಗೇ ಇಳಿಯಬೇಕಾಗುತ್ತದೆ.

ಇದನ್ನು ನಾನು ಶಾಸ್ತ್ರಗ್ರಂಥದಿಂದ ಕಲಿತೆನೆಂದು ಹೇಳಿದರೆ ಸುಳ್ಳಾಗುತ್ತದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಬೇರೊಂದು ಊರಿನ ಶಾಲೆಯಲ್ಲಿದ್ದಾಗ, ಇದೇ ವಿಷಯದ ಮೇಲೆ ನಡೆದ ಸ್ಪರ್ಧೆಗೆ ನಾನೊಬ್ಬನೇ ಪರೀಕ್ಷಕನಾಗಿದ್ದೆ. ಮೂವತ್ತಕ್ಕೂ ಮಿಕ್ಕು ಪ್ರಬಂಧಗಳು ಬಂದಿದ್ದವು. ಒಂದನ್ನುಳಿದು ಮಿಕ್ಕವೆಲ್ಲವೂ ಶುದ್ಧವಾದ ಗಾಳಿ, ಹಸಿರು ಹೊಲ, ಕೋಗಿಲೆಯ ಧ್ವನಿ, ಮುಗ್ಧಜನ ಎಂಬ ನಾಲ್ಕು ಕಂಬಗಳ ಮೇಲೆ ನಿಂತಿದ್ದವು. ಉಳಿದ ಆ ಒಂದನ್ನು ಬರೆದವನು ಒಂಬತ್ತನೆಯ ತರಗತಿಯ ಹುಡುಗ. ಅವನ ಬರಹ ಎರಡೂವರೆ ಪುಟಕ್ಕೆ ಮುಗಿದಿತ್ತು. ಅದರಲ್ಲಿ ಹೆಚ್ಚಿನ ಭಾಗ ಅವನ ಅಜ್ಜಿಯ ಕಥೆ. ಆಕೆ ತರುಣಿಯಾಗಿದ್ದಾಗ ಊರ ಬಾವಿಯ ಕಟ್ಟೆಯನ್ನು ಮುಟ್ಟುವಂತಿರಲಿಲ್ಲ; ಮೇಲಿನ ಕೇರಿಯ ಯಾರಾದರೂ ಮನಸ್ಸು ಮಾಡಿ ಕೊಡಕ್ಕೆ ನೀರು ಹೊಯ್ಯುವವರೆಗೆ ದೂರ ನಿಂತಿರಬೇಕಾಗಿತ್ತು. ಮುಂದೆ ಮಗನ ಸಂಗಡ ಹುಬ್ಬಳ್ಳಿಗೆ ಬಂದಳು. ಅಲ್ಲಿ ಬೀದಿಯ ನಳಕ್ಕೆ ಎರಡು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಕೊಡಗಳ ಸಾಲಿನಲ್ಲಿ ಜಗಳವೂ ಆಗುತ್ತಿತ್ತು. ಆದರೆ ಪಾಳಿ ಬಂದಾಗ ನಳವನ್ನು ತಿರುವುವುದು ಅವಳ ಕೈಯೇ. ಆದ್ದರಿಂದ ತನ್ನ ಅಜ್ಜಿಯ ಪಾಲಿಗೆ ಹಳ್ಳಿಯ ತಿಳಿನೀರಿಗಿಂತ ನಗರದ ಕೆಂಪುನೀರೇ ಮೇಲೆಂದು ಹುಡುಗ ಬರೆದಿದ್ದ.

ನಾನು ಆ ಪ್ರಬಂಧದ ಅಂಚಿನಲ್ಲಿ ಕೆಂಪು ಮಸಿಯಿಂದ ‘ವಿಷಯಾಂತರ’ ಎಂದು ಬರೆದು, ಇಪ್ಪತ್ತಕ್ಕೆ ಏಳು ಅಂಕ ಹಾಕಿದೆ. ಕಾಗದಗಳನ್ನು ಹಂಚಿದ ಮೇಲೆ ಹುಡುಗ ಉಪಾಧ್ಯಾಯರ ಕೋಣೆಯ ಬಾಗಿಲಿಗೆ ಬಂದು ನಿಂತ.

“ಗುರುಗಳ, ವಿಷಯ ಬಿಟ್ಟು ಎಲ್ಲಿ ಹೋಗೇನ್ರಿ?” ಎಂದು ಕೇಳಿದ.

“ವಿಷಯ ಹಳ್ಳಿಯ ಬಾಳಿನದಪ್ಪ. ನೀನು ಬರೆದದ್ದು ಜಾತಿಯ ಮಾತು,” ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ನಮ್ಮ ಆಯಿಗೆ ಹಳ್ಳಿ ಬಾಳೇವು ಅಂದ್ರ ಅದ ಐತ್ರಿ,” ಎಂದು ಹೇಳಿ ಹೊರಟುಹೋದ.

ಆ ರಾತ್ರಿ ಅವನ ಕಾಗದವನ್ನಲ್ಲ, ಮಿಕ್ಕವರ ಕಾಗದಗಳನ್ನು ನೆನೆಯುತ್ತ ಮಲಗಿದ್ದೆ. ಅವುಗಳಲ್ಲಿ ಒಂದಾದರೂ ‘ಯಾರಿಗೆ ಮೇಲು’ ಎಂಬ ಪ್ರಶ್ನೆಯನ್ನು ಎತ್ತಿರಲಿಲ್ಲ. ಒಂದಾದರೂ ‘ಇಂಥದು ಇದ್ದರೆ ಬಾಳನ್ನು ಮೇಲೆನ್ನಬೇಕು’ ಎಂದು ತನ್ನ ಅಳತೆಗೋಲನ್ನು ಮೇಜಿನ ಮೇಲೆ ಇಟ್ಟಿರಲಿಲ್ಲ. ಹುಡುಗ ಎರಡನ್ನೂ ಮಾಡಿದ್ದ. ತನ್ನ ನೀರನ್ನು ತಾನೇ ತೆಗೆದುಕೊಳ್ಳುವ ಅಧಿಕಾರ ಅವನ ಅಳತೆಗೋಲು. ಅದರಿಂದ ಹಳ್ಳಿಯನ್ನೂ ಅಳೆದಿದ್ದ, ನಗರವನ್ನೂ ಅಳೆದಿದ್ದ. ನಗರದ ಕೊರತೆಯನ್ನು ಬಚ್ಚಿಟ್ಟಿರಲಿಲ್ಲ. ವಾದದ ಅಂಗಗಳು ಅಷ್ಟು ಪೂರ್ಣವಾಗಿದ್ದ ಬರಹ ಆ ಕಟ್ಟಿನಲ್ಲಿ ಇನ್ನೊಂದಿರಲಿಲ್ಲ. ನಾನು ಅವನ ತರ್ಕಕ್ಕೆ ಅಂಕ ಹಾಕಿರಲಿಲ್ಲ, ಅವನ ತೀರ್ಪು ನನಗೆ ಹಿಡಿಸಲಿಲ್ಲವೆಂಬುದಕ್ಕೆ ಅಂಕ ಕಳೆದಿದ್ದೆ. ಮರುದಿನ ಸರಿಪಡಿಸಬಹುದಾಗಿತ್ತು. ಬಹುಮಾನದ ಪಟ್ಟಿ ಕಚೇರಿಗೆ ಹೋಗಿತ್ತೆಂಬ ನೆಪವೊಂದು ಸಿಕ್ಕಿತು, ನಾನು ಅದನ್ನು ತಿರುಗಿ ತರಿಸಲಿಲ್ಲ. ಮೊದಲನೆಯ ಬಹುಮಾನ ಕೋಗಿಲೆಯ ಧ್ವನಿಗೆ ಹೋಯಿತು.

ಆಮೇಲೆ ಬಹಳ ದಿನಗಳಿಗೆ, ಸಂವಿಧಾನ ಸಭೆಯ ಚರ್ಚೆಗಳನ್ನು ಓದುವಾಗ ನನಗೆ ಆಶ್ಚರ್ಯವೊಂದು ಕಾದಿತ್ತು. ಹುಡುಗ ಎತ್ತಿದ್ದ ಪ್ರಶ್ನೆಯನ್ನೇ ದೇಶದ ಹಿರಿಯರು 1948ರ ನವೆಂಬರ್ ತಿಂಗಳಿನಲ್ಲಿ ಎತ್ತಿದ್ದರು. ಕರಡು ಸಂವಿಧಾನದಲ್ಲಿ ನಮ್ಮ ಪ್ರಾಚೀನ ರಾಜ್ಯಪದ್ಧತಿಯ ಅಂಶವೇ ಇಲ್ಲ, ಗ್ರಾಮ ಪಂಚಾಯಿತಿಗಳ ಮೇಲೆ ಅದನ್ನು ಕಟ್ಟಬೇಕಾಗಿತ್ತು ಎಂದು ಹಲವರು ಆಕ್ಷೇಪಿಸಿದ್ದರು. ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಟ್ಟು ಮಾತನಾಡಿದ ಡಾ. ಅಂಬೇಡ್ಕರರು ಈ ಆಕ್ಷೇಪಕ್ಕೆ ಉತ್ತರ ಕೊಟ್ಟರು. ಆ ಉತ್ತರದ ಕ್ರಮವನ್ನು ಪ್ರಬಂಧ ಬರೆಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಗಮನಿಸತಕ್ಕದ್ದು.

ಗ್ರಾಮಗಳನ್ನು ಹೊಗಳುವವರು ಚಾರ್ಲ್ಸ್ ಮೆಟ್ಕಾಫ್ ಎಂಬ ಕಂಪನಿ ಸರಕಾರದ ಅಧಿಕಾರಿಯು 1830ರಲ್ಲಿ ಬರೆದ ಟಿಪ್ಪಣಿಯನ್ನು ಆಧಾರವಾಗಿ ಹಿಡಿಯುತ್ತಿದ್ದರು. ಭಾರತದ ಗ್ರಾಮಗಳು ಪುಟ್ಟ ಗಣರಾಜ್ಯಗಳಂತಿವೆ, ಅರಸುಮನೆತನಗಳು ಒಂದಾದ ಮೇಲೊಂದು ಉರುಳಿದರೂ ಇವು ಮಾತ್ರ ಉಳಿದು ಬಂದಿವೆ ಎಂಬುದು ಅದರ ಸಾರ. ಅಂಬೇಡ್ಕರರು ಮೆಟ್ಕಾಫನ ಮಾತನ್ನು ಅಲ್ಲಗಳೆಯಲಿಲ್ಲ. ಅದನ್ನು ತಾವೇ ಸಭೆಗೆ ಓದಿ ಹೇಳಿ, ಗ್ರಾಮಗಳು ಉಳಿದವೆಂಬ ಸಂಗತಿಯನ್ನು ಒಪ್ಪಿಕೊಂಡರು. ಒಪ್ಪಿಕೊಂಡು, ಬರಿಯ ಉಳಿವಿಗೆ ಬೆಲೆ ಏನು, ಯಾವ ಮಟ್ಟದಲ್ಲಿ ಉಳಿದವು ಎಂದು ಕೇಳಿದರು. ಎದುರಾಳಿಯ ಹೇತು ಅಲ್ಲಿಯೇ ಇತ್ತು. ‘ಬಹುಕಾಲ ಉಳಿದದ್ದು ಶ್ರೇಷ್ಠ’ ಎಂಬ ವ್ಯಾಪ್ತಿ ಮಾತ್ರ ಮುರಿದುಬಿದ್ದಿತು. ಆಮೇಲೆ ತಮ್ಮ ಅಳತೆಗೋಲನ್ನು ಅವರು ಮುಂದಿಟ್ಟರು. ಗ್ರಾಮವು ಸಂಕುಚಿತ ಊರಭಿಮಾನದ, ಅಜ್ಞಾನದ, ಜಾತಿಮತಗಳ ಪಕ್ಷಪಾತದ ಬೀಡಾಗಿದೆ ಎಂದರು. ಕರಡು ಸಂವಿಧಾನವು ಗ್ರಾಮವನ್ನು ಬಿಟ್ಟು ವ್ಯಕ್ತಿಯನ್ನು ಮೂಲಘಟಕವಾಗಿ ಹಿಡಿದಿರುವುದು ತಮಗೆ ಸಂತೋಷದ ಸಂಗತಿಯೆಂದರು. ಊರು ಉಳಿಯಿತೇ ಎಂಬುದಲ್ಲ, ಊರೊಳಗಿನ ಒಬ್ಬೊಬ್ಬನಿಗೂ ಏನಾಯಿತು ಎಂಬುದು ಅವರ ಕೋಲು.

ಇಲ್ಲೊಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕು. ಮೆಟ್ಕಾಫ್ ಗ್ರಾಮವನ್ನು ಹೊಗಳಿದುದು ಕವಿಹೃದಯದಿಂದಲ್ಲ. ಭೂಕಂದಾಯವನ್ನು ರೈತರಿಂದ ಬಿಡಿಬಿಡಿಯಾಗಿ ವಸೂಲು ಮಾಡಬೇಕೋ, ಗ್ರಾಮಸಮುದಾಯದೊಡನೆ ಒಟ್ಟಾಗಿ ಗೊತ್ತುಮಾಡಿಕೊಳ್ಳಬೇಕೋ ಎಂಬ ಚರ್ಚೆಯಲ್ಲಿ ಅವನು ಎರಡನೆಯ ಪಕ್ಷದವನು. ಮೀಮಾಂಸಕರು ಅರ್ಥವಾದವೆಂದು ಯಾವುದನ್ನು ಕರೆಯುತ್ತಾರೋ ಅದು ಇದೇ. ವಾಯುದೇವತೆಯ ವೇಗವನ್ನು ಹೊಗಳುವ ವಾಕ್ಯವೊಂದು ವೇದದಲ್ಲಿ ಬಂದರೆ, ಅದನ್ನು ಬಿಡಿಯಾಗಿ ಹಿಡಿದು ಅರ್ಥಮಾಡಬಾರದು, ವಾಯುವಿಗೆ ಸಲ್ಲುವ ಕರ್ಮವನ್ನು ವಿಧಿಸುವ ವಾಕ್ಯದೊಡನೆ ಕೂಡಿಸಿಯೇ ಅರ್ಥಮಾಡಬೇಕು ಎಂಬುದು ಅವರ ನಿಯಮ. ಸ್ತುತಿ ಎಲ್ಲಿದೆಯೋ ಅಲ್ಲಿ ಹತ್ತಿರದಲ್ಲೆಲ್ಲೋ ಒಂದು ವಿಧಿ ಅಡಗಿರುತ್ತದೆ; ನಿಂದೆಯ ಪಕ್ಕದಲ್ಲಿ ಒಂದು ನಿಷೇಧ. ಹಳೆಯ ಮೀಮಾಂಸಕರ ಈ ಒಂದು ಉಪಾಯ ಇಂದಿನ ಜಾಹೀರಾತನ್ನೂ ಚುನಾವಣೆಯ ಭಾಷಣವನ್ನೂ ಓದುವುದಕ್ಕೆ ಒದಗುವಷ್ಟು ಬೇರಾವ ಉಪಾಯವೂ ಒದಗದು. ಯಾರಾದರೂ ಯಾವುದನ್ನಾದರೂ ಶ್ರೇಷ್ಠವೆಂದರೆ, ‘ಆದ್ದರಿಂದ ನಾನೇನು ಮಾಡಬೇಕೆನ್ನುತ್ತೀರಿ?’ ಎಂದು ಕೇಳಿ ನೋಡಿರಿ.

ಅಂಬೇಡ್ಕರರ ಮಾತಿಗೆ ಸಭೆಯಲ್ಲಿ ಬಲವಾದ ಪ್ರತಿಭಟನೆ ಬಂದಿತು. ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತದಿಂದ ಸಭೆಗೆ ಹೋಗಿದ್ದ ಎಚ್. ವಿ. ಕಾಮತರು ವಿರೋಧಿಸಿದವರಲ್ಲಿ ಒಬ್ಬರು. ವಿರೋಧಿಸಿದವರ ಬೆನ್ನಿಗೆ ಗಾಂಧೀಜಿಯವರ ವಿಚಾರಗಳಿದ್ದವು. ಅವರು 1909ರಲ್ಲಿ ‘ಹಿಂದ್ ಸ್ವರಾಜ್’ ಬರೆದ ಕಾಲದಿಂದಲೂ ಗ್ರಾಮವನ್ನು ಎತ್ತಿಹಿಡಿದವರು. ಆದರೆ 1945ರ ಅಕ್ಟೋಬರಿನಲ್ಲಿ ಜವಾಹರಲಾಲ ನೆಹರೂ ಅವರಿಗೆ ಬರೆದ ಪತ್ರದಲ್ಲಿ ಗಾಂಧೀಜಿ, ತಾವು ಹೇಳುವ ಗ್ರಾಮ ಇನ್ನೂ ತಮ್ಮ ಮನಸ್ಸಿನಲ್ಲಿಯೇ ಇರುವ ಗ್ರಾಮವೆಂಬುದನ್ನು ಮರೆಮಾಚದೆ ತಿಳಿಸಿದ್ದಾರೆ. ಅಲ್ಲಿಗೆ, ಇಬ್ಬರೂ ‘ಗ್ರಾಮ’ ಎಂದರೂ ಇಬ್ಬರ ಪಕ್ಷವೂ ಒಂದಲ್ಲವೆಂದಾಯಿತು. ಒಬ್ಬರು ಇರುವ ಗ್ರಾಮಕ್ಕೆ ಬೆಲೆ ಕಟ್ಟಿದರು, ಇನ್ನೊಬ್ಬರು ಆಗಬೇಕಾದ ಗ್ರಾಮಕ್ಕೆ ಬೆಲೆ ಕಟ್ಟಿದರು. ನೈಯಾಯಿಕನು ಆತುರಪಟ್ಟು, ಇಲ್ಲದ ವಸ್ತುವಿನ ಮೇಲಿನ ವಾದವೆಲ್ಲ ಆಕಾಶಕಮಲದ ಪರಿಮಳವನ್ನು ವರ್ಣಿಸಿದಂತೆ, ಆಶ್ರಯಾಸಿದ್ಧ ಎಂದು ತಳ್ಳಿಹಾಕಬಹುದು. ಮೀಮಾಂಸಕನು ಹಾಗೆ ಮಾಡುವುದಿಲ್ಲ. ಸಿದ್ಧವಾಗಿರುವುದು ಬೇರೆ, ಸಾಧಿಸಬೇಕಾದುದು ಬೇರೆ, ಎರಡನೆಯದೂ ವಾಕ್ಯಕ್ಕೆ ವಿಷಯವಾಗಬಲ್ಲದು ಎನ್ನುತ್ತಾನೆ. ನಮ್ಮ ಸ್ಪರ್ಧೆಯ ಮೂವತ್ತು ಮಕ್ಕಳ ತಪ್ಪು, ಅವರು ಕನಸಿನ ಹಳ್ಳಿಯನ್ನು ವರ್ಣಿಸಿದರೆಂಬುದಲ್ಲ, ಅದನ್ನು ಕಣ್ಣೆದುರಿನ ಹಳ್ಳಿಯೆಂದು ಬರೆದರೆಂಬುದು.

ಚರ್ಚೆಯ ಪರಿಣಾಮವೇನಾಯಿತೆಂಬುದೂ ಮನನೀಯ. ನವೆಂಬರ್ 22ರಂದು ಕೆ. ಸಂತಾನಂ ಅವರು ಗ್ರಾಮ ಪಂಚಾಯಿತಿಗಳನ್ನು ರಾಜ್ಯವು ರಚಿಸಬೇಕೆಂಬ ತಿದ್ದುಪಡಿಯನ್ನು ಮಂಡಿಸಿದರು. ಅಂಬೇಡ್ಕರರು ಹೆಚ್ಚು ಮಾತಿಲ್ಲದೆ ಅದನ್ನು ಅಂಗೀಕರಿಸಿದರು. ಅದೇ ಇಂದಿನ 40ನೆಯ ಅನುಚ್ಛೇದ. ಒಂದು ವಾರದ ಮೇಲೆ, ನವೆಂಬರ್ 29ರಂದು, ಅದೇ ಸಭೆಯು ಅಸ್ಪೃಶ್ಯತೆಯನ್ನು ತೊಡೆದುಹಾಕುವ ಅನುಚ್ಛೇದವನ್ನು ಒಪ್ಪಿತು. ಅದು ಇಂದಿನ 17ನೆಯದು. ಮೊದಲನೆಯದು ನ್ಯಾಯಾಲಯದ ಮೂಲಕ ಜಾರಿಗೆ ಬರತಕ್ಕದ್ದಲ್ಲ, ಎರಡನೆಯದು ಮೂಲಭೂತ ಹಕ್ಕು. ಎರಡು ಮೌಲ್ಯಗಳನ್ನೂ ಸಭೆ ಇಟ್ಟುಕೊಂಡಿತು, ಆದರೆ ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಅವುಗಳನ್ನು ಇಟ್ಟ ಜಾಗದಿಂದಲೇ ತಿಳಿಸಿತು. ಮುಂದೆ 1992ರ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಿಂದ ಜಾರಿಗೆ ಬಂದು ಪಂಚಾಯಿತಿಗಳಿಗೆ ಸಂವಿಧಾನದ ಬಲ ದೊರೆತಾಗ, ಅದರೊಡನೆಯೇ ಪರಿಶಿಷ್ಟ ಜಾತಿ ಪಂಗಡಗಳವರಿಗೆ ಜನಸಂಖ್ಯೆಗೆ ತಕ್ಕ ಸ್ಥಾನಗಳೂ, ಹೆಂಗಸರಿಗೆ ಮೂರರಲ್ಲೊಂದಕ್ಕೆ ಕಡಿಮೆಯಿಲ್ಲದ ಸ್ಥಾನಗಳೂ ಮೀಸಲಾದವು. ಕರ್ನಾಟಕವು ಇದಕ್ಕೂ ಹಿಂದೆಯೇ, 1983ರ ಅಧಿನಿಯಮದಲ್ಲಿ, ಹೆಂಗಸರಿಗೆ ನೂರಕ್ಕೆ 25ರಷ್ಟು ಸ್ಥಾನಗಳನ್ನು ತೆಗೆದಿರಿಸಿತ್ತೆಂಬುದನ್ನು ನಾವು ಸ್ವಲ್ಪ ಹೆಮ್ಮೆಯಿಂದಲೇ ನೆನೆಯಬಹುದು. ಗ್ರಾಮವೇ ಬೇಕೆಂದವರ ಕಟ್ಟಡಕ್ಕೆ ಗ್ರಾಮವನ್ನು ಸಂಶಯಿಸಿದವರ ಅಳತೆಯಲ್ಲಿ ಬಾಗಿಲು ಇಟ್ಟಂತಾಯಿತು. ಬಾಗಿಲು ಇಟ್ಟಕಡೆಯಲ್ಲೆಲ್ಲ ಒಳಗೆ ಬರಗೊಟ್ಟರೇ ಎಂಬುದು ಬೇರೆ ಪ್ರಶ್ನೆ. ಅದು ವಸ್ತುಸ್ಥಿತಿಯ ಪ್ರಶ್ನೆ, ಊರೂರಿಗೆ ಹೋಗಿಯೇ ನೋಡಬೇಕು.

ತೀರ್ಪು ಯಾವಾಗಲೂ ‘ಮೇಲು’, ‘ಶ್ರೇಷ್ಠ’ ಎಂಬ ಪದಗಳಲ್ಲಿಯೇ ಬರುವುದಿಲ್ಲವೆಂಬುದನ್ನೂ ಹೇಳಬೇಕು. ಎಷ್ಟೋ ವೇಳೆ ಅದು ಹೆಸರಿನಲ್ಲಿಯೇ ಅಡಗಿರುತ್ತದೆ. ಊರ ಹೊರಗಿನ ಒಂದೇ ನೆಲವನ್ನು ಕುರಿ ಕಾಯುವವನು ಗೋಮಾಳವೆನ್ನುತ್ತಾನೆ, ಅದನ್ನು ಬೇರೆ ಕೆಲಸಕ್ಕೆ ಕೇಳುವವನು ಬಂಜರು ಎನ್ನುತ್ತಾನೆ. ಬಂಜರು ಎಂದೊಡನೆಯೇ ಆ ನೆಲಕ್ಕೆ ಉಪಯೋಗವಿಲ್ಲವೆಂಬ ತೀರ್ಪು ವಾದ ಆರಂಭವಾಗುವುದಕ್ಕೆ ಮೊದಲೇ ಆಗಿಹೋಯಿತು. ‘ಅಭಿವೃದ್ಧಿ’, ‘ಹಿಂದುಳಿದ’, ‘ಪರಂಪರೆ’, ‘ಆಧುನಿಕ’ ಮೊದಲಾದ ಪದಗಳೆಲ್ಲ ಇಂಥ ತುಂಬುಗರ್ಭಿಣಿಯರೇ. ವಿದ್ಯಾರ್ಥಿಯ ಪ್ರಬಂಧದಲ್ಲಿ ಇಂಥ ಪದವೊಂದು ಕಂಡಾಗ ನಾನು ಈಗ ಅದರ ಕೆಳಗೆ ಗೆರೆ ಎಳೆದು, ‘ಇದು ಹೆಸರೋ ತೀರ್ಪೋ?’ ಎಂದು ಅಂಚಿನಲ್ಲಿ ಬರೆಯುತ್ತೇನೆ.

ಇನ್ನು ಕೆಲವು ಸಲ ತೀರ್ಪು ಲಕ್ಷಣದ ವೇಷದಲ್ಲಿ ಬರುತ್ತದೆ. ಕನ್ನಡ ಪದ್ಯಕ್ಕೆ ದ್ವಿತೀಯಾಕ್ಷರ ಪ್ರಾಸ ಬೇಕೇ ಬೇಕೆಂಬುದು ನಮ್ಮ ಛಂದಸ್ಸಿನ ಬಹು ಹಳೆಯ ಕಟ್ಟಳೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆ ಪ್ರಾಸವನ್ನು ಬಿಟ್ಟು ಬರೆಯತೊಡಗಿದಾಗ, ಹಳೆಯ ಕಟ್ಟಳೆಯನ್ನು ನೆಚ್ಚಿದವರಿಗೆ ಅದು ಸಹಿಸದ ಮಾತಾಯಿತು. ಪ್ರಾಸವಿಲ್ಲದ್ದು ಪದ್ಯವೇ ಅಲ್ಲವೆಂಬ ಮಾತು ಲಕ್ಷಣ ಹೇಳುವ ವಾಕ್ಯದಂತೆ ಕಾಣುತ್ತದೆ. ಆದರೆ ಅದರೊಳಗಿರುವುದು, ಪ್ರಾಸವಿಲ್ಲದ ಪದ್ಯ ಕೀಳು ಎಂಬ ಮೌಲ್ಯವಾಕ್ಯ. ಲಕ್ಷಣದ ಬಾಗಿಲು ಹಾಕಿಬಿಟ್ಟರೆ ಕಾರಣ ಕೊಡುವ ಹೊರೆ ತಪ್ಪುತ್ತದೆ. ಬಾಗಿಲು ತೆರೆದು ಕೇಳಿದರೆ, ಪ್ರಾಸ ಯಾತಕ್ಕೆ, ಕಿವಿಗೆ ಇಂಪಾಗುವುದಕ್ಕೋ, ನೆನಪಿಗೆ ಹಿಡಿಯಾಗುವುದಕ್ಕೋ, ಪದ್ಯವನ್ನು ಬಿಗಿಯುವುದಕ್ಕೋ, ಆ ಕೆಲಸವನ್ನು ಬೇರೆ ಉಪಾಯದಿಂದ ಮಾಡಬಹುದೋ ಎಂಬ ಒಳ್ಳೆಯ ಪ್ರಶ್ನೆಗಳು ಏಳುತ್ತವೆ. ನಮ್ಮ ಆಲಂಕಾರಿಕರು ಈ ವಿಷಯದಲ್ಲಿ ಲಾಕ್ಷಣಿಕರಿಗಿಂತ ಉದಾರಿಗಳು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು, ಕಿವಿಗೆ ಕಠಿಣವಾದ ಪದಗಳು ಶೃಂಗಾರದಲ್ಲಿ ದೋಷವಾದರೂ ಎಲ್ಲೆಡೆಯೂ ದೋಷವಲ್ಲವೆಂದು, ಅಂಥವನ್ನು ಅನಿತ್ಯದೋಷಗಳೆಂದು ಎಣಿಸಿದನು. ಏತಕ್ಕಾಗಿ ಎಂಬುದನ್ನು ಬಿಟ್ಟು ಗುಣದೋಷಗಳನ್ನು ಹೇಳಲಾಗದೆಂಬುದು ಅವನ ಅಭಿಪ್ರಾಯ. ನನ್ನ ಮಟ್ಟಿಗೆ ಹೇಳುವುದಾದರೆ, ನನ್ನ ಕಿವಿ ಇಂದಿಗೂ ಪ್ರಾಸವನ್ನು ಕಾಯುತ್ತಿರುತ್ತದೆ. ಅದು ನನ್ನ ಗುರುಗಳು ಹಾಕಿಕೊಟ್ಟ ರೂಢಿ. ‘ನನಗೆ ಹಿಡಿಸುತ್ತದೆ’ ಎಂಬುದಕ್ಕೆ ನಾನು ಯಾರಿಗೂ ಕಾರಣ ಕೊಡಬೇಕಾಗಿಲ್ಲ. ‘ಅದು ಮೇಲು’ ಎಂದರೆ ಕೊಡಬೇಕಾಗುತ್ತದೆ. ಈ ವ್ಯತ್ಯಾಸವನ್ನು ಅರಿಯದ ವಿಮರ್ಶೆ ನಮ್ಮಲ್ಲಿ ಬೇಕಾದಷ್ಟು ಅಚ್ಚಾಗಿದೆ.

ಇಷ್ಟು ಹೇಳಿದ ಮೇಲೆ ಕೆಲವರು, ಹಾಗಾದರೆ ಮೇಲು ಕೀಳುಗಳೆಲ್ಲ ಅವರವರ ರುಚಿಯೇ ತಾನೇ, ಅದಕ್ಕೆ ವಾದವೇಕೆ ಎನ್ನುವರು. ನನಗೆ ಈ ಮಾತು ಒಪ್ಪಿಗೆಯಿಲ್ಲ. ಅಳತೆಗೋಲನ್ನು ಹೊರಗೆ ಇಟ್ಟ ಮೇಲೆ ಅದನ್ನು ಪರೀಕ್ಷಿಸಲು ದಾರಿಗಳುಂಟು. ಒಂದೇ ಕೋಲಿನಿಂದ ಎರಡು ಕಡೆಯನ್ನೂ ಅಳೆದಿರುವನೇ? ಹಳ್ಳಿಗೆ ಗಾಳಿಯ ಕೋಲು, ನಗರಕ್ಕೆ ಕಳ್ಳತನದ ಕೋಲು ಹಿಡಿದರೆ ಅದು ಅಳತೆಯಲ್ಲ. ತನಗೆ ತೊಂದರೆಯಾಗುವ ಕಡೆಯೂ ಅದೇ ಕೋಲನ್ನು ಒಪ್ಪುವನೇ? ಮೇಲೆಂದು ತೀರ್ಮಾನಿಸಿದ್ದರ ಬೆಲೆಯನ್ನು ತೆರುವವರು ಯಾರು, ಅವರನ್ನು ಕೇಳಿದ್ದಾನೆಯೇ? ಈ ಕಡೆಯ ಪ್ರಶ್ನೆಯೇ ಎಲ್ಲಕ್ಕೂ ಬಿಗಿಯಾದುದು. ಕೋಗಿಲೆಯ ಧ್ವನಿಯನ್ನು ಬರೆದ ಮಕ್ಕಳಿಗೆ ನಾನು ಈ ಪ್ರಶ್ನೆಯನ್ನು ಕೇಳಲಿಲ್ಲ, ಏಕೆಂದರೆ ನನಗೂ ಯಾರೂ ಕೇಳಿರಲಿಲ್ಲ.

ನ್ಯಾಯಸೂತ್ರಗಳಲ್ಲಿ ಗೌತಮನು ಮಾತಿನ ಸೆಣಸನ್ನು ವಾದ, ಜಲ್ಪ, ವಿತಂಡೆ ಎಂದು ವಿಂಗಡಿಸಿದ್ದಾನೆ. ತತ್ತ್ವವನ್ನು ತಿಳಿಯಲು ನಡೆಸುವುದು ವಾದ, ಗೆಲ್ಲುವುದಕ್ಕಾಗಿ ನಡೆಸುವುದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಇದಿರು ಪಕ್ಷವನ್ನು ಕೆಡಹುವುದು ವಿತಂಡೆ. ನಮ್ಮ ಶಾಲೆಗಳ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿ ಪರ ವಿರೋಧಗಳನ್ನು ಹಂಚುತ್ತೇವೆ. ಮಾತಿನ ಚುರುಕಿಗೆ ಅದು ಒಳ್ಳೆಯ ವ್ಯಾಯಾಮವಿರಬಹುದು. ಆದರೆ ಅದರಲ್ಲಿ ಪಳಗಿದ ಮಗು ಎದುರಾಳಿಯ ಸತ್ಯಸಂಗತಿಯನ್ನು ಒಪ್ಪಿಕೊಳ್ಳುವುದನ್ನು ಸೋಲೆಂದು ತಿಳಿಯುತ್ತದೆ. ಮೆಟ್ಕಾಫನ ಮಾತನ್ನು ತಾವೇ ಓದಿ ಹೇಳಿದ ಅಂಬೇಡ್ಕರರ ಧೈರ್ಯ ಈ ವ್ಯಾಯಾಮದಿಂದ ಬರುವಂಥದಲ್ಲ. ಚೀಟಿ ಎತ್ತುವುದನ್ನು ನಿಲ್ಲಿಸಿ, ಇದಿರು ಪಕ್ಷದಲ್ಲಿ ನಿಜವಾದ ಎರಡು ಸಂಗತಿಗಳನ್ನು ಮೊದಲು ಒಪ್ಪಿಕೊಂಡೇ ಮಾತಿಗೆ ತೊಡಗಬೇಕೆಂಬ ನಿಯಮವನ್ನು ತರಬೇಕೆಂದು ನಮ್ಮ ಉಪಾಧ್ಯಾಯರ ಸಭೆಯಲ್ಲಿ ಸೂಚಿಸಿದ್ದೇನೆ. ‘ಹಾಗೆ ಮಾಡಿದರೆ ಚಪ್ಪಾಳೆ ಬೀಳುವುದಿಲ್ಲ’ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅವರ ಮಾತೂ ನಿಜ.

ಈ ವರ್ಷದ ಪ್ರಬಂಧ ಸ್ಪರ್ಧೆಗೆ ವಿಷಯ ಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಳೆಯ ವಿಷಯವನ್ನೇ ತೆಗೆದು, ‘ಹಳ್ಳಿಯ ಬಾಳು: ಯಾರಿಗೆ ಮೇಲು, ಯಾವುದರಿಂದ ಮೇಲು?’ ಎಂದು ತಿದ್ದಿ ಕೊಟ್ಟಿದ್ದೇನೆ. ನಲವತ್ತೊಂದು ಕಾಗದಗಳು ಬಂದಿವೆ. ಮೇಲಿಂದ ಮೇಲೆ ಕಣ್ಣಾಡಿಸಿದಾಗ ಕೋಗಿಲೆ ಇನ್ನೂ ಕೆಲವು ಕಡೆ ಕೂಗುತ್ತಿರುವುದು ಕಂಡಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮಾತ್ರ ಮೊದಲನೆಯ ಸಾಲಿನಲ್ಲಿಯೇ, ಈ ಪ್ರಶ್ನೆಯನ್ನು ತನ್ನ ತಾಯಿಗೆ ಕೇಳಿದೆನೆಂದೂ, ತಾಯಿ ಬಹಳ ಹೊತ್ತು ಉತ್ತರ ಕೊಡಲಿಲ್ಲವೆಂದೂ ಬರೆದಿದ್ದಾಳೆ. ಅಲ್ಲಿಂದ ಮುಂದೆ ಇನ್ನೂ ಓದಿಲ್ಲ. ಕೆಂಪು ಮಸಿಯ ಲೇಖನಿಯನ್ನು ಬದಿಗಿಟ್ಟು ನಾಳೆ ಬೆಳಿಗ್ಗೆ ಓದಬೇಕೆಂದಿದ್ದೇನೆ.